ಒಂದು ರೂಪಾಯಿಗೆ ಎಂಬತ್ತು

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುವ ಮಟ್ಕಾ ದಾಳಿಯ ಸುದ್ದಿಗಳೆಲ್ಲ ಒಂದೇ ಅಚ್ಚಿನವು. ಬಸ್ ನಿಲ್ದಾಣದ ಹತ್ತಿರವೋ ಚಹಾದಂಗಡಿಯ ಮುಂದೆಯೋ ನಿಂತು ‘ಒಂದು ರೂಪಾಯಿಗೆ ಎಂಬತ್ತು ರೂಪಾಯಿ’ ಎಂದು ಕೂಗುತ್ತ ಚೀಟಿ ಬರೆದುಕೊಡುತ್ತಿದ್ದವನೊಬ್ಬ, ಅವನಿಂದ ವಶಪಡಿಸಿಕೊಂಡ ಒಂದಿಷ್ಟು ನಗದು, ಒಂದು ಬಾಲ್‌ಪೆನ್, ಅಂಕಿ ಬರೆದ ಚೀಟಿ. ಎಂಬತ್ತು ಕೆಲವು ಕಡೆ ಎಪ್ಪತ್ತಾಗುತ್ತದೆ, ಕೆಲವು ಕಡೆ ತೊಂಬತ್ತು. ಪಂಚನಾಮೆಗಳಲ್ಲಿ ಸವೆದು ಹೋಗಿರುವ ಈ ಕೂಗಿನೊಳಗೆ ಒಂದು ಹಳೆಯ ಪ್ರಶ್ನೆಗೆ ಬೇಕಾದ ಲೆಕ್ಕವೆಲ್ಲ ಇದೆ. ಜೂಜಿನಲ್ಲಿ ಮುಖ್ಯವಾದದ್ದು ಯಾವುದು, ಗೆದ್ದೆವೋ ಸೋತೆವೋ ಎಂಬುದೋ ಅಥವಾ ಹಣ ಇಟ್ಟ ಗಳಿಗೆಯಲ್ಲಿ ನಾವು ಮಾಡಿದ ತೀರ್ಮಾನ ಸರಿಯಿತ್ತೋ ಎಂಬುದೋ?

ಮಟ್ಕಾ ಹುಟ್ಟಿದ್ದು 1960ರ ದಶಕದ ಮುಂಬೈಯಲ್ಲಿ. ಅದಕ್ಕೂ ಮೊದಲು ಅಲ್ಲಿ ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ದರ ಮತ್ತು ಮುಕ್ತಾಯದ ದರದ ಮೇಲೆ ಬಾಜಿ ಕಟ್ಟುತ್ತಿದ್ದರು. ಓಪನ್ ಮತ್ತು ಕ್ಲೋಸ್, ಅದೇ ನಮ್ಮ ಕಡೆ ‘ಓಸಿ’. ಹತ್ತಿ ಹೋಯಿತು, ಅಂಕಿ ಉಳಿಯಿತು. ಈಗ ಓಪನ್‌ನದೊಂದು, ಕ್ಲೋಸ್‌ನದೊಂದು ಅಂಕಿ ಸೇರಿ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ. ಅದರಲ್ಲಿ ಒಂದಕ್ಕೆ ಮಾತ್ರ ಹಣ. ಆಟದಲ್ಲಿ ಮೋಸವಿಲ್ಲ, ಎಲ್ಲ ಜೋಡಿಗೂ ಸಮಾನ ಅವಕಾಶವಿದೆ ಎಂದೇ ಇಟ್ಟುಕೊಳ್ಳೋಣ (ದೊಡ್ಡ ಔದಾರ್ಯವೇ ಸರಿ, ಇರಲಿ). ನೂರರಲ್ಲಿ ಒಂದು ಸಲ ಬೀಳುವುದಕ್ಕೆ ನೂರು ರೂಪಾಯಿ ಕೊಟ್ಟರೆ ಲೆಕ್ಕ ಸಮ. ಕೊಡುವುದು ಎಂಬತ್ತು. ಅಂದರೆ ಕಟ್ಟಿದ ಪ್ರತಿ ರೂಪಾಯಿಯಲ್ಲೂ ಇಪ್ಪತ್ತು ಪೈಸೆ, ಅಂಕಿ ತೆಗೆಯುವ ಮೊದಲೇ ಕೈಬಿಟ್ಟಿದೆ.

ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಕುತೂಹಲ ಶುರುವಾಗುವುದು ಮುಂದೆ.

ನೂರು ಜನ, ತಲಾ ದಿನಕ್ಕೆ ನೂರು ರೂಪಾಯಿಯಂತೆ, ನೂರು ದಿನ ಆಡಿದರು ಎನ್ನಿ. ಒಬ್ಬೊಬ್ಬರೂ ಹಾಕಿದ ಹಣ ಹತ್ತು ಸಾವಿರ. ಒಂದು ಸಲ ಅಂಕಿ ಬಿದ್ದರೆ ಬರುವುದು ಎಂಟು ಸಾವಿರ. ಲೆಕ್ಕ ಹಾಕಿದರೆ ಸುಮಾರು 37 ಮಂದಿಗೆ ನೂರು ದಿನದಲ್ಲಿ ಒಮ್ಮೆಯೂ ಬೀಳುವುದಿಲ್ಲ. ಅವರ ಹತ್ತು ಸಾವಿರವೂ ಹೋಯಿತು. ಇನ್ನು 37 ಮಂದಿಗೆ ಒಂದೇ ಸಲ ಬೀಳುತ್ತದೆ, ಎರಡು ಸಾವಿರ ಕಳೆದುಕೊಳ್ಳುತ್ತಾರೆ. ಉಳಿದ 26 ಮಂದಿಗೆ ಎರಡು ಸಲವೋ ಅದಕ್ಕಿಂತ ಹೆಚ್ಚೋ ಬಿದ್ದಿರುತ್ತದೆ. ಅವರೆಲ್ಲ ಲಾಭದಲ್ಲಿದ್ದಾರೆ, ಕನಿಷ್ಠ ಆರು ಸಾವಿರ ರೂಪಾಯಿ.

ಈ 26 ಜನರ ಬಗ್ಗೆಯೇ ಊರು ಮಾತಾಡುವುದು. ಅವರಲ್ಲೊಬ್ಬ ಕನಸಿನಲ್ಲಿ ಕಂಡ ಅಂಕಿ ಹಾಕಿದ, ಇನ್ನೊಬ್ಬ ಬೈಕಿನ ನಂಬರ್ ಹಾಕಿದ, ಮತ್ತೊಬ್ಬ ಹಳೆಯ ಚಾರ್ಟುಗಳನ್ನು ಹರಡಿಕೊಂಡು ‘ಲೈನ್’ ಹಿಡಿದ. ಮೂವರಿಗೂ ತಮ್ಮ ವಿಧಾನ ಸಾಬೀತಾಗಿದೆ. ಗೆದ್ದೆತ್ತಿನ ಬಾಲ ಹಿಡಿಯುವ ಜನರಿಗೆ ಮೂರು ಬಾಲ ಸಿಕ್ಕಿವೆ. ಆದರೆ ಸೋತ 74 ಜನ ಮಾಡಿದ ತೀರ್ಮಾನಕ್ಕೂ ಈ 26 ಜನರ ತೀರ್ಮಾನಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎಲ್ಲರೂ ರೂಪಾಯಿಗೆ ಎಂಬತ್ತು ಪೈಸೆಯ ಸರಕು ಕೊಂಡವರೇ.

ಹೆಚ್ಚು ದಿನ ಆಡಿದರೆ ನಿಜ ತಿಳಿಯುವುದಿಲ್ಲವೇ ಎಂದು ಕೇಳಬಹುದು. ತಿಳಿಯುತ್ತದೆ, ಆದರೆ ಎಷ್ಟು ನಿಧಾನ ನೋಡಿ. ಸಾವಿರ ದಿನದ ಕೊನೆಗೂ ನೂರರಲ್ಲಿ ಸುಮಾರು ಇಪ್ಪತ್ತು ಜನ ಲಾಭದಲ್ಲೇ ಇರುತ್ತಾರೆ. ಆ ಸಂಖ್ಯೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಬೇಕಾದರೆ ಹತ್ತಿರ ಹತ್ತಿರ ಹತ್ತು ಸಾವಿರ ದಿನ ಬೇಕು. ಒಂದು ದಿನವೂ ಬಿಡದೆ ಇಪ್ಪತ್ತೇಳು ವರ್ಷ! ಕೆಟ್ಟ ತೀರ್ಮಾನವೊಂದು ತಾನು ಕೆಟ್ಟದ್ದೆಂದು ಫಲದ ಮೂಲಕ ತೋರಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ ಇದು. ಅಷ್ಟರಲ್ಲಿ ಆಡಿದವನ ಮಕ್ಕಳು ದೊಡ್ಡವರಾಗಿರುತ್ತಾರೆ.

ಬುಕ್ಕಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅವನಿಗೆ ದಿನಕ್ಕೆ ನೂರು ರೂಪಾಯಿಯ ಸಾವಿರ ಚೀಟಿ ಬರುತ್ತವೆ ಎನ್ನಿ. ಅಂಕಿಗಳೆಲ್ಲ ಸರಿಸುಮಾರು ಹರಡಿಕೊಂಡಿದ್ದರೆ ಒಂದು ಲಕ್ಷ ಬಂತು, ಎಂಬತ್ತು ಸಾವಿರ ಹೋಯಿತು. ಯಾವುದೋ ಒಂದೇ ಅಂಕಿಗೆ ಜನ ಮುಗಿಬಿದ್ದರೆ ಹೆಚ್ಚಾದದ್ದನ್ನು ಮೇಲಿನ ದೊಡ್ಡ ಬುಕ್ಕಿಗೆ ದಾಟಿಸುತ್ತಾನೆ. ಆಟಗಾರ ಇಪ್ಪತ್ತೇಳು ವರ್ಷಕ್ಕೆ ಮುಟ್ಟುವ ಹತ್ತು ಸಾವಿರ ಆಟವನ್ನು ಅವನು ಹತ್ತು ದಿನದಲ್ಲಿ ಮುಟ್ಟುತ್ತಾನೆ. ಒಬ್ಬ ಗಿರಾಕಿಗೆ ಎಂಟು ಸಾವಿರ ಎಣಿಸಿ ಕೊಡುವಾಗ ಅವನ ಮುಖದಲ್ಲಿ ಬೇಸರವಿರುವುದಿಲ್ಲ, ನಾಲ್ಕು ಜನರಿಗೆ ಕೇಳುವಂತೆಯೇ ಎಣಿಸುತ್ತಾನೆ. ಸೋಲು ಗೆಲುವಿಗಿಂತ ತೀರ್ಮಾನವೇ ಮುಖ್ಯ ಎಂಬ ಮಾತನ್ನು ನಿಜವಾಗಿ ನಂಬಿ ನಡೆಯುವವನು ಜೂಜಿನ ಜಗತ್ತಿನಲ್ಲಿ ಇವನೊಬ್ಬನೇ. ಗೋವಾದ ಕ್ಯಾಸಿನೊ ಇರಲಿ, ಲಾಸ್ ವೇಗಾಸ್‌ನದಿರಲಿ, ನಡೆಯುವುದು ಇದೇ ನಂಬಿಕೆಯ ಮೇಲೆ.

ಫಲವನ್ನು ನೋಡಿ ತೀರ್ಮಾನಕ್ಕೆ ಅಂಕ ಕೊಡುವ ಈ ಚಾಳಿ ಜೂಜುಕೋರರದ್ದಷ್ಟೇ ಅಲ್ಲ. 1988ರಲ್ಲಿ ಅಮೆರಿಕದ ಸಂಶೋಧಕರಾದ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಹೃದಯದ ತೊಂದರೆಯಿರುವ 55 ವರ್ಷದ ರೋಗಿ, ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ಎಂಟು ಜನ ಸಾಯುವ ಅಪಾಯ, ವೈದ್ಯರು ಶಸ್ತ್ರಚಿಕಿತ್ಸೆಗೆ ಮುಂದಾದರು. ಕತೆ ಇಷ್ಟೇ. ರೋಗಿ ಬದುಕಿದ ಎಂದಿದ್ದಾಗ ಓದಿದವರು ವೈದ್ಯರ ತೀರ್ಮಾನಕ್ಕೆ ಹೆಚ್ಚು ಅಂಕ ಕೊಟ್ಟರು, ಸತ್ತ ಎಂದಿದ್ದಾಗ ಕಡಿಮೆ. ತೀರ್ಮಾನದ ಹೊತ್ತಿಗೆ ವೈದ್ಯರಿಗೆ ಗೊತ್ತಿದ್ದದ್ದು ಎರಡೂ ಕತೆಯಲ್ಲಿ ಒಂದೇ.

ಕ್ರಿಕೆಟ್ ನೋಡುವವರಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. 2007ರ ಸೆಪ್ಟೆಂಬರ್ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರು. ಭಾರತದ ವಿರುದ್ಧ ಗೆಲ್ಲಲು ಪಾಕಿಸ್ತಾನಕ್ಕೆ 13 ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಹರಭಜನ್‌ಗೆ ಒಂದು ಓವರು ಬಾಕಿಯಿದ್ದರೂ ಧೋನಿ ಚೆಂಡು ಕೊಟ್ಟದ್ದು ಜೋಗಿಂದರ್ ಶರ್ಮಾಗೆ. ಪಾಕಿಸ್ತಾನದ ಮಿಸ್ಬಾ ಒಂದು ಸಿಕ್ಸರ್ ಬಾರಿಸಿ, ನಾಲ್ಕು ಎಸೆತಕ್ಕೆ ಆರು ರನ್ ಬೇಕಿದ್ದಾಗ ಹಿಂದಕ್ಕೆ ಎತ್ತಿದ ಚೆಂಡು ಶ್ರೀಶಾಂತ್ ಕೈಗೆ ಹೋಯಿತು, ಭಾರತ ಗೆದ್ದಿತು. ಅಂದಿನಿಂದ ಆ ಆಯ್ಕೆ ನಾಯಕತ್ವದ ಪಾಠವಾಗಿದೆ. ಅದೇ ಚೆಂಡು ಎರಡು ಮಾರು ಆಚೆ ಬಿದ್ದಿದ್ದರೆ? ಮಿಸ್ಬಾ ಆಗಲೇ ಹರಭಜನ್‌ರ ಒಂದೇ ಓವರಿನಲ್ಲಿ ಮೂರು ಸಿಕ್ಸರ್ ಹೊಡೆದಿದ್ದರು, ಸೆಮಿಫೈನಲ್‌ನ ಕೊನೆಯ ಓವರನ್ನೂ ಜೋಗಿಂದರ್ ಅವರೇ ಹಾಕಿದ್ದರು. ಧೋನಿಯನ್ನು ಹೊಗಳಬೇಕಿದ್ದರೆ ಈ ಕಾರಣಗಳಿಗಾಗಿ ಹೊಗಳಬಹುದು. ಶ್ರೀಶಾಂತ್ ಹಿಡಿದ ಕ್ಯಾಚಿಗಾಗಿ ಅಲ್ಲ.

ಫಲವನ್ನು ಬದಿಗಿಟ್ಟು ತೀರ್ಮಾನವನ್ನು ತೂಗುವ ವಿದ್ಯೆ ಹುಟ್ಟಿದ್ದೂ ಜೂಜಿನ ಮೇಜಿನಲ್ಲೇ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಶೆವಾಲಿಯೆ ದ ಮೇರೆ ಎಂದು ಹೆಸರಾಗಿದ್ದ ಆಂಟ್ವಾನ್ ಗೊಂಬೊ ಎಂಬ ರಸಿಕನಿದ್ದ. ಒಂದು ದಾಳವನ್ನು ನಾಲ್ಕು ಸಲ ಎಸೆದಾಗ ಒಮ್ಮೆಯಾದರೂ ಆರು ಬೀಳುತ್ತದೆ ಎಂದು ಬಾಜಿ ಕಟ್ಟಿದರೆ ಲಾಭ ಎಂಬುದು ಅವನಿಗೆ ಗೊತ್ತಿತ್ತು. ಎರಡು ದಾಳ ಹಿಡಿದರೆ ಒಟ್ಟು ಸಾಧ್ಯತೆ ಆರರಿಂದ ಮೂವತ್ತಾರಕ್ಕೆ ಏರುತ್ತದೆ, ಆರು ಪಟ್ಟು. ಆದ್ದರಿಂದ ನಾಲ್ಕರ ಆರು ಪಟ್ಟು, ಇಪ್ಪತ್ತನಾಲ್ಕು ಎಸೆತದಲ್ಲಿ ಒಮ್ಮೆಯಾದರೂ ಜೋಡಿ ಆರು ಬೀಳುತ್ತದೆ ಎಂದು ಕಟ್ಟುವುದೂ ಅಷ್ಟೇ ಲಾಭವಾಗಬೇಕಲ್ಲ? ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಮೊದಲನೆಯದರಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 51.8, ಎರಡನೆಯದರಲ್ಲಿ 49.1. ಮೇರೆ ಅಂಕಗಣಿತವೇ ತನಗೆ ತಾನು ಎದುರು ಹೇಳುತ್ತಿದೆ ಎಂದು ಗೊಣಗಿದ. ಈ ಗೊಣಗಾಟವನ್ನು ಬ್ಲೇಸ್ ಪಾಸ್ಕಲ್ 1654ರ ಜುಲೈ 29ರಂದು ಪಿಯರ್ ದ ಫರ್ಮಾಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾನೆ. ಮನುಷ್ಯ ಚುರುಕು, ಆದರೆ ಗಣಿತಜ್ಞನಲ್ಲ, ಅದೊಂದು ದೊಡ್ಡ ಕೊರತೆ ಎಂಬ ಟಿಪ್ಪಣಿಯೂ ಜೊತೆಗಿದೆ.

ಮೇರೆ ಸೋತು ಸೋತು ಈ ತಪ್ಪನ್ನು ಕಂಡುಕೊಂಡ ಎಂಬ ಕತೆಯನ್ನು ಎಷ್ಟೋ ಪುಸ್ತಕಗಳು ಹೇಳುತ್ತವೆ. ನನಗೆ ನಂಬಿಕೆಯಿಲ್ಲ. 49.1 ಎಂಬುದು ಐವತ್ತಕ್ಕಿಂತ ಕಡಿಮೆಯೆಂದು ಬರೀ ಆಡಿ ಗುರುತಿಸಬೇಕಾದರೆ ಸಾವಿರಗಟ್ಟಲೆ ಆಟವಾಡಿ ಒಂದೊಂದನ್ನೂ ಬರೆದಿಡಬೇಕು. ಕಾಗದದ ಮೇಲೆ ಲೆಕ್ಕ ಹಾಕಿದವನಿಗೆ ಹತ್ತು ನಿಮಿಷ ಸಾಕು. ಅನುಭವವೇ ಗುರು ಎನ್ನುತ್ತೇವಲ್ಲ, ಜೂಜಿನ ಮಟ್ಟಿಗೆ ಆ ಗುರು ಬಹಳ ದುಬಾರಿ, ಅರ್ಧ ಪಾಠವನ್ನು ತಪ್ಪಾಗಿಯೇ ಹೇಳಿಕೊಡುತ್ತಾನೆ.

ನಮ್ಮ ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕತೆಗೆ ಈ ವಿಷಯದ ಸುಳಿವು ಸಿಕ್ಕಿತ್ತು ಅನ್ನಿಸುತ್ತದೆ. ಪುಷ್ಕರನೊಂದಿಗೆ ಪಗಡೆಯಾಡಿ ರಾಜ್ಯ ಕಳೆದುಕೊಂಡ ನಳ, ವೇಷ ಮರೆಸಿಕೊಂಡು ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರವನ್ನು ನೋಡಿ ಅದರ ಎಲೆ ಕಾಯಿಗಳೆಷ್ಟೆಂದು ಹೇಳಿಬಿಡುತ್ತಾನೆ. ನಳ ನಂಬದೆ ಇಳಿದು ಎಣಿಸಿದರೆ ಲೆಕ್ಕ ಸರಿ. ಆಗ ಋತುಪರ್ಣ ಅವನಿಗೆ ಅಕ್ಷಹೃದಯವನ್ನು, ದಾಳದ ಮರ್ಮವನ್ನು, ಉಪದೇಶಿಸುತ್ತಾನೆ. ಆ ಕಾಲದಲ್ಲಿ ದಾಳವಾಗಿ ಬಳಕೆಯಲ್ಲಿದ್ದದ್ದೂ ತಾರೆಕಾಯಿಯೇ. ಎಣಿಸಬಲ್ಲವನಿಗೆ ಜೂಜು ತಿಳಿಯುತ್ತದೆ ಎಂಬ ಹೊಳಹು ಆ ಪ್ರಸಂಗದಲ್ಲಿದೆ. ಒಂದೇ ತಕರಾರು: ಇಷ್ಟೆಲ್ಲ ಕಲಿತ ನಳ ಮರಳಿ ಬಂದು ಪುಷ್ಕರನೆದುರು ಸರ್ವಸ್ವವನ್ನೂ ಒಂದೇ ಎಸೆತಕ್ಕೆ ಒಡ್ಡುತ್ತಾನೆ. ಕವಿಗೆ ಅದು ಬೇಕಿತ್ತು. ವಿದ್ಯೆ ಎಷ್ಟಿದ್ದರೂ ಒಂದೇ ಎಸೆತದಲ್ಲಿ ಅದು ಕೈಹಿಡಿಯುತ್ತದೆಂಬ ಭರವಸೆ ಇಲ್ಲ.

ಎಷ್ಟು ಒಡ್ಡಬೇಕು ಎಂಬುದೂ ತೀರ್ಮಾನದ ಭಾಗ. ಇದನ್ನು ಮರೆತರೆ ‘ಒಳ್ಳೆಯ ತೀರ್ಮಾನ’ದ ಮಾತು ಪೊಳ್ಳಾಗುತ್ತದೆ. 2016ರಲ್ಲಿ ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಹಣಕಾಸು ಓದುತ್ತಿದ್ದ, ಆ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ 61 ಯುವಕ ಯುವತಿಯರ ಕೈಗೆ ತಲಾ 25 ಡಾಲರ್ ಕೊಟ್ಟು ಕಂಪ್ಯೂಟರಿನ ನಾಣ್ಯವೊಂದರ ಮೇಲೆ ಅರ್ಧ ಗಂಟೆ ಬಾಜಿ ಕಟ್ಟಲು ಬಿಟ್ಟರು. ನಾಣ್ಯ ನೂರಕ್ಕೆ ಅರವತ್ತು ಸಲ ಹೆಡ್ಸ್ ಬೀಳುತ್ತದೆ ಎಂದು ಮೊದಲೇ ತಿಳಿಸಿದ್ದರು. ಗೆಲ್ಲಬಹುದಾದ ಗರಿಷ್ಠ ಮೊತ್ತ 250 ಡಾಲರ್. ಜಗತ್ತಿನ ಯಾವ ಜೂಜುಕಟ್ಟೆಯೂ ಕೊಡದ ವರ ಇದು. ಆದರೂ ನೂರಕ್ಕೆ 28 ಮಂದಿ ಕೈ ಬರಿದು ಮಾಡಿಕೊಂಡು ಎದ್ದರು. ಗರಿಷ್ಠ ಮೊತ್ತ ಮುಟ್ಟಿದವರು ನೂರಕ್ಕೆ 21 ಮಾತ್ರ. ಮೂವರಲ್ಲಿ ಇಬ್ಬರು ಯಾವುದೋ ಗಳಿಗೆಯಲ್ಲಿ ಟೇಲ್ಸ್ ಮೇಲೂ ಕಟ್ಟಿದರು, ‘ಈಗ ಅದರ ಸರದಿ’ ಎಂದುಕೊಂಡು ಇದ್ದೀತು.

ಪ್ರತಿ ಸಲವೂ ಹೆಡ್ಸ್ ಮೇಲೆಯೇ ಕಟ್ಟಿ, ಪ್ರತಿ ಸಲವೂ ಇದ್ದದ್ದೆಲ್ಲವನ್ನೂ ಕಟ್ಟಿದವನನ್ನು ಊಹಿಸಿ. ಒಂದೊಂದು ಬಾಜಿಯೂ ಲೆಕ್ಕದ ಪ್ರಕಾರ ಲಾಭದ್ದೇ. ಆದರೆ ಹತ್ತು ಸಲ ಸತತವಾಗಿ ಹೆಡ್ಸ್ ಬೀಳುವ ಸಾಧ್ಯತೆ ಸಾವಿರಕ್ಕೆ ಆರು. ಉಳಿದ 994 ಸಲ ಅವನು ಬೀದಿಗೆ ಬಿದ್ದಿರುತ್ತಾನೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿದ್ದ. ಅದರ ಪ್ರಕಾರ ಈ ನಾಣ್ಯದ ಮೇಲೆ ಪ್ರತಿ ಸಲ ಕೈಯಲ್ಲಿರುವ ಹಣದ ಐದನೇ ಒಂದು ಭಾಗ ಮಾತ್ರ ಕಟ್ಟಬೇಕು. ಇಸ್ಪೀಟೆಲೆ ಎಣಿಸಿ ಬ್ಲ್ಯಾಕ್‌ಜಾಕ್‌ನಲ್ಲಿ ಕ್ಯಾಸಿನೊವನ್ನೇ ಸೋಲಿಸಬಹುದೆಂದು ತೋರಿಸಿ 1962ರಲ್ಲಿ ಪುಸ್ತಕ ಬರೆದ ಗಣಿತಜ್ಞ ಎಡ್ವರ್ಡ್ ಥಾರ್ಪ್, ಎಲೆಯ ಲೆಕ್ಕದೊಂದಿಗೆ ಈ ಸೂತ್ರವನ್ನೂ ಕಟ್ಟಿಕೊಂಡೇ ಮೇಜಿಗೆ ಹೋಗುತ್ತಿದ್ದ.

ಈಗ ರಮ್ಮಿಗೆ ಬರೋಣ, ನಮ್ಮಲ್ಲಿ ಹೆಚ್ಚು ಮನೆ ಸುಟ್ಟ ಪ್ರಶ್ನೆ ಅದೇ. 1967ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್, ರಮ್ಮಿ ಬಹುಮಟ್ಟಿಗೆ ಕೌಶಲದ ಆಟ, ಮೂರೆಲೆ ಆಟದಂತೆ ಬರೀ ಅದೃಷ್ಟದ್ದಲ್ಲ ಎಂದಿತ್ತು. ಮೊಬೈಲ್ ರಮ್ಮಿ ಕಂಪನಿಗಳು ನಿಂತದ್ದು ಈ ಮಾತಿನ ಆಸರೆಯಲ್ಲಿ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ಅನೂರ್ಜಿತಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನೇ ಬದಿಗೆ ಸರಿಸಿ, ಹಣ ಪಣವಿಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಕಾನೂನಿನ ಸರಿ ತಪ್ಪು ನ್ಯಾಯಾಲಯಕ್ಕಿರಲಿ. ಆದರೆ ‘ಇದು ಕೌಶಲದ ಆಟ’ ಎಂಬ ವಾಕ್ಯದಿಂದ ‘ಆದ್ದರಿಂದ ಚೆನ್ನಾಗಿ ಆಡುವವನಿಗೆ ಹಣ ಬರುತ್ತದೆ’ ಎಂಬ ವಾಕ್ಯಕ್ಕೆ ಜಿಗಿಯುವಲ್ಲಿ ಗುಂಡಿಯಿದೆ. ಇಬ್ಬರು ತಲಾ ನೂರು ರೂಪಾಯಿ ಇಟ್ಟು ಆಡುತ್ತಾರೆ, ಆಟ ನಡೆಸುವ ಕಂಪನಿ ಒಟ್ಟು ಮೊತ್ತದಲ್ಲಿ ನೂರಕ್ಕೆ ಹತ್ತು ಹಿಡಿದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಗೆದ್ದವನಿಗೆ ಸಿಗುವುದು 180. ಹಾಕಿದ್ದು ಹಾಕಿದಷ್ಟಾದರೂ ಮರಳಬೇಕಾದರೆ ನೂರರಲ್ಲಿ ಸುಮಾರು 56 ಆಟ ಗೆಲ್ಲಬೇಕು. ಎದುರಾಳಿಗಿಂತ ಸ್ಪಷ್ಟವಾಗಿ ಜಾಣನಾಗಿ, ಎಲೆ ಎಸೆಯುವ ಪ್ರತಿ ತೀರ್ಮಾನವನ್ನೂ ಸರಿಯಾಗಿ ಮಾಡಿ, ನೂರಕ್ಕೆ 53 ಗೆದ್ದವನೂ ತಿಂಗಳ ಕೊನೆಗೆ ಸಾಲಗಾರನೇ. ಮೇಜಿನ ಮೇಲೆ ಅವನ ತೀರ್ಮಾನಗಳೆಲ್ಲ ಸರಿ. ಮೇಜಿಗೆ ಕೂತದ್ದೊಂದೇ ತಪ್ಪು. ಇಂಥವನಿಗೆ ತನ್ನ ಕೌಶಲದ ಬಗ್ಗೆ ಇರುವ ಹೆಮ್ಮೆ ಸುಳ್ಳೇನೂ ಅಲ್ಲ, ಅದಕ್ಕೇ ಅವನನ್ನು ಎಬ್ಬಿಸುವುದು ಮಟ್ಕಾ ಆಡುವವನನ್ನು ಎಬ್ಬಿಸುವುದಕ್ಕಿಂತ ಕಷ್ಟ.

ತೀರ್ಮಾನವೇ ಮುಖ್ಯ ಎಂಬ ತತ್ತ್ವವನ್ನು ನಾನು ಒಪ್ಪುತ್ತೇನೆ. ಆದರೆ ಸೋತವನ ಬಾಯಲ್ಲಿ ಅದನ್ನು ಕೇಳಿದಾಗ ಅನುಮಾನ ಬರುತ್ತದೆ. ‘ಲೆಕ್ಕ ಸರಿಯಿತ್ತು, ನಸೀಬು ಕೈಕೊಟ್ಟಿತು’ ಎಂಬ ಸಮಾಧಾನಕ್ಕೆ ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಹೇಳಿಕೊಳ್ಳಬಹುದು. ಹಾಗೆ ಹೇಳುವ ಹಕ್ಕು ಬರುವುದು ಫಲ ತಿಳಿಯುವ ಮೊದಲೇ ಲೆಕ್ಕವನ್ನು ಬರೆದಿಟ್ಟವನಿಗೆ: ಸಾಧ್ಯತೆ ಎಷ್ಟೆಂದು ಅಂದುಕೊಂಡಿದ್ದೇನೆ, ಏಕೆ, ಎಷ್ಟು ಹಾಕುತ್ತಿದ್ದೇನೆ, ಹೋದರೆ ಏನಾಗುತ್ತದೆ. ಹಾಗೆ ಬರೆದಿಟ್ಟ ಐವತ್ತು, ನೂರು ಸಾಲುಗಳಾದ ಮೇಲೆ ಸೋಲು ಗೆಲುವಿಗೂ ಬೆಲೆ ಬರುತ್ತದೆ. ನೂರಕ್ಕೆ ಎಪ್ಪತ್ತು ಎಂದುಕೊಂಡದ್ದು ನಲವತ್ತೇ ಸಲ ಫಲಿಸಿದರೆ ದೂರಬೇಕಾದದ್ದು ನಸೀಬನ್ನಲ್ಲ, ತನ್ನ ಅಂದಾಜನ್ನು. ಇನ್ನೊಂದು ಕಡೆಯೂ ಫಲವೇ ಮುಖ್ಯವಾಗುತ್ತದೆ: ಒಂದು ಸೋಲು ಎಲ್ಲವನ್ನೂ ಮುಗಿಸಿಬಿಡುವ ಕಡೆ. ವಿಮೆಯ ಕಂತು ಕಟ್ಟುವವರಲ್ಲಿ ಬಹಳ ಜನ ಕಟ್ಟಿದಷ್ಟು ಮರಳಿ ಪಡೆಯುವುದಿಲ್ಲ. ಆದರೂ ಮನೆಗೆ ಬೆಂಕಿ ಬಿದ್ದರೆ ಮತ್ತೆ ಕಟ್ಟಿಸಲಾರದವನಿಗೆ ಅದು ಜಾಣತನವೇ.

ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯ ರೈತನಿಗೆ ಇದೆಲ್ಲ ಇಸ್ಪೀಟಿನ ಮಾತಲ್ಲ. ಅವನ ದೊಡ್ಡ ಜೂಜು ಬೋರ್‌ವೆಲ್. ನೀರು ಬಿದ್ದರೆ ಬುದ್ಧಿವಂತ, ಬೀಳದಿದ್ದರೆ ‘ಹೇಳಿದರೂ ಕೇಳಲಿಲ್ಲ’ ಎನ್ನುವ ಅದೇ ಊರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವನ ಖ್ಯಾತಿಯೂ ಬಿದ್ದ ನೀರಿನಿಂದ ಬಂದದ್ದು. ಅವನು ತೋರಿಸಿ ಒಣಗಿದ ಕೊಳವೆಗಳೆಷ್ಟು, ಅವನನ್ನು ಕರೆಸದೆ ಕೊರೆಸಿದ ಪಕ್ಕದ ಹೊಲಗಳಲ್ಲಿ ಎಷ್ಟಕ್ಕೆ ನೀರು ಸಿಕ್ಕಿತು ಎಂದು ಕೇಳುವವರಿಲ್ಲ. ಇವೆರಡು ಸಂಖ್ಯೆ ಇಲ್ಲದೆ ತೆಂಗಿನಕಾಯಿ ಎದ್ದು ನಿಂತದ್ದಕ್ಕೂ ನೀರು ಬಂದದ್ದಕ್ಕೂ ಕಾಗೆ ಕೂತು ಕೊಂಬೆ ಮುರಿದ ಸಂಬಂಧಕ್ಕಿಂತ ಹೆಚ್ಚಿನದನ್ನು ಹೇಳಲಾಗದು. ಭೂಗರ್ಭಶಾಸ್ತ್ರದ ಉಪಕರಣ ತಂದವನಿಗೂ ಇದೇ ಪ್ರಶ್ನೆ ಕೇಳಬೇಕು.

ನಿಜವಾದ ತೀರ್ಮಾನದ ಗಳಿಗೆ ಬರುವುದು ಮಾತ್ರ ರಿಗ್ ಲಾರಿ ಹೊಲದಲ್ಲಿ ನಿಂತ ಮೇಲೆ, ಸಾಮಾನ್ಯವಾಗಿ ರಾತ್ರಿ. ಎಂಟುನೂರು ಅಡಿಗೆ ಬರೀ ದೂಳು ಏಳುತ್ತಿರುವಾಗ ‘ಇನ್ನೂರು ಅಡಿ ಹೋದರೆ ಸಿಕ್ಕರೂ ಸಿಗಬಹುದು ಗೌಡ್ರೇ’ ಎಂಬ ಮಾತು ಬರುತ್ತದೆ. ಆಗಲೇ ಸುರಿದ ಹಣ ಕೈಹಿಡಿದು ಜಗ್ಗುತ್ತದೆ. ಆಳಕ್ಕಿಳಿದಂತೆ ಅಡಿಯ ದರವೂ ಏರುತ್ತದೆ, ಕೊರೆಯುವವನಿಗೆ ನೀರು ಬಂದರೂ ಬಾರದಿದ್ದರೂ ಅಡಿಗಿಷ್ಟು ಎಂದು ಬರುತ್ತದೆ. ಆದ್ದರಿಂದ ಎಷ್ಟು ಅಡಿಗೆ ನಿಲ್ಲಿಸುವುದು, ಅದು ಯಾರ ದುಡ್ಡು, ಬರದಿದ್ದರೆ ಆ ಸಾಲ ಯಾವ ಬೆಳೆಯಿಂದ ತೀರಬೇಕು ಎಂಬುದೆಲ್ಲ ಹಿಂದಿನ ದಿನ ಹಗಲು ಹೊತ್ತಿನಲ್ಲಿ, ಮನೆಯವರೆಲ್ಲ ಕೂತು, ಒಂದು ಕಾಗದದ ಮೇಲೆ ಆಗಿರಬೇಕಾದ ಮಾತು.